ಹಾವೇರಿ ಸೀಮೆಗೆ ರೈಫಲ್ ಬಂದ ದಾರಿ

ಹುಬ್ಬಳ್ಳಿಯಿಂದ ಹರಿಹರದ ಕಡೆ ಹೊರಟ ರೈಲು ಕುಂದಗೋಳ, ಯಲವಿಗಿ ದಾಟಿ ಹಾವೇರಿಗೆ ಬರುತ್ತದೆ. ಅಲ್ಲಿಂದ ಬ್ಯಾಡಗಿ, ಆಮೇಲೆ ರಾಣೆಬೆನ್ನೂರು. ಒಂದು ಊರು ಜಿಲ್ಲಾ ಕೇಂದ್ರ, ಇನ್ನೊಂದು ಮೆಣಸಿನಕಾಯಿ ಪೇಟೆ, ಮತ್ತೊಂದು ಬಿತ್ತನೆ ಬೀಜದ ವ್ಯಾಪಾರಕ್ಕೆ ಹೆಸರಾದದ್ದು. ಈ ಹಳಿಗಳ ಎರಡೂ ಬದಿ ಗೋವಿನಜೋಳ, ಹತ್ತಿ, ಮೆಣಸಿನ ಹೊಲಗಳು. ಕಣ್ಣು ಹರಿದಷ್ಟೂ ಬಯಲು. ದೂರದ ಗುರಿಗೆ ಗುಂಡು ಹೊಡೆಯುವ ಆಟಕ್ಕೆ ಇಂಥ ನೆಲ ಹೇಳಿ ಮಾಡಿಸಿದ ಹಾಗಿದೆ. ಆದರೂ ಈ ಸೀಮೆಯ ಮನೆಗಳಲ್ಲಿ ರೈಫಲ್ ಕಾಣುವುದು ಅಪರೂಪ. ಹಳ್ಳಿಯ ಹಿರಿಯರಿಗೆ ಗೊತ್ತಿರುವುದು ಮದ್ದು ಜಡಿದು ಹಾರಿಸುವ ನಾಡಬಂದೂಕು, ಒಂಟಿನಳಿಗೆ, ಜೋಡುನಳಿಗೆ. 'ತ್ರೀ ನಾಟ್ ತ್ರೀ' ಎಂಬ ಹೆಸರು ಎಲ್ಲರ ಬಾಯಲ್ಲಿದ್ದರೂ ಅದನ್ನು ಕಂಡದ್ದು ಪೊಲೀಸರ ಹೆಗಲ ಮೇಲೆ ಮಾತ್ರ.

ಈ ಸೀಮೆಯ ತರುಣನೊಬ್ಬ ಇಂದು ದೂರದ ಗುರಿ ಹೊಡೆಯಲು ಮೊದಲ ಬೋಲ್ಟ್ ಆಕ್ಷನ್ ರೈಫಲ್ ಆರಿಸಿಕೊಳ್ಳಬೇಕೆಂದರೆ, ಅವನ ಮುಂದಿರುವ ಆಯ್ಕೆಯ ಬಹುಪಾಲನ್ನು ಕಳೆದ 160ಕ್ಕೂ ಹೆಚ್ಚು ವರ್ಷಗಳ ಕಾನೂನುಗಳು ಮೊದಲೇ ಮಾಡಿ ಮುಗಿಸಿವೆ. ಯಾವ ನಳಿಗೆಗೆ ಒಳಗೆರೆ ಇರಬೇಕು, ಯಾವುದಕ್ಕೆ ಇರಬಾರದು, ಯಾವ ತೋಟಾ ಯಾರ ಕೈಯಲ್ಲಿರಬೇಕು ಎಂಬುದೆಲ್ಲ ಒಂದೊಂದು ಹೆದರಿಕೆಯಿಂದ, ಒಂದೊಂದು ಹೋರಾಟದಿಂದ ತೀರ್ಮಾನವಾದದ್ದು. ಆ ಕತೆ ಶುರುವಾಗುವುದು 1857ರಲ್ಲಿ.

ಆ ವರ್ಷ ಉತ್ತರ ಹಿಂದುಸ್ತಾನದಲ್ಲಿ ದಂಗೆ ಎದ್ದಾಗ ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಜನರ ಕೈಯಿಂದ ಆಯುಧ ಕಿತ್ತುಕೊಳ್ಳುವ ಕಾಯ್ದೆ ಹೊರಡಿಸಿತು. ಕತ್ತಿ, ಬಂದೂಕು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಿ ಪರವಾನಗಿ ಪಡೆಯಬೇಕು, ಇಲ್ಲವೇ ತಂದೊಪ್ಪಿಸಬೇಕು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾದವರಿಗೆ ಬಂದೂಕು ಕೊಡುವುದೆಂದರೆ ಬದುಕನ್ನೇ ಕೊಟ್ಟಂತೆ. 1857ರ ನವೆಂಬರ್ ಕೊನೆಯಲ್ಲಿ ಕಂಪನಿಯ ಸೈನ್ಯ ಹಲಗಲಿಯನ್ನು ಸುತ್ತುವರಿದು ಊರಿಗೆ ಬೆಂಕಿ ಇಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಈ ಹೋರಾಟದ ಲಾವಣಿಯನ್ನು ಮುಂದೆ ಶಾಸನತಜ್ಞ ಜೆ. ಎಫ್. ಫ್ಲೀಟ್ ಸಂಗ್ರಹಿಸಿ ಅಚ್ಚು ಹಾಕಿಸಿದರು. ಮರುವರ್ಷ ನರಗುಂದದ ದೊರೆ ಬಾಬಾಸಾಹೇಬರ ಬಂಡಾಯವೂ ಅಡಗಿತು. 1858ರ ಜೂನ್‌ನಲ್ಲಿ ಬೆಳಗಾವಿಯಲ್ಲಿ ಅವರಿಗೆ ಗಲ್ಲಾಯಿತು. ಆಗ ಹಾವೇರಿ, ರಾಣೆಬೆನ್ನೂರು ಎರಡೂ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಹಲಗಲಿಗೂ ನರಗುಂದಕ್ಕೂ ತಟ್ಟಿದ ಬಿಗಿ ಇಲ್ಲಿಗೂ ತಟ್ಟಿತು.

ಇದೇ ಹೊತ್ತಿನಲ್ಲಿ ಸೈನ್ಯದ ಉಗ್ರಾಣದಲ್ಲಿ ಇನ್ನೊಂದು ಬದಲಾವಣೆ ನಡೆಯಿತು. ದಂಗೆಗೆ ನೆಪವಾದ ಕೊಬ್ಬು ಸವರಿದ ತೋಟಾ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನದು. ಆ ರೈಫಲ್ಲಿನ ನಳಿಗೆಯ ಒಳಗೆ ಸುರುಳಿ ಸುರುಳಿಯಾಗಿ ಕೊರೆದ ಗೆರೆಗಳಿದ್ದವು. ಗೆರೆಯ ಮೇಲೆ ಜಾರುತ್ತ ಹೊರಬೀಳುವ ಗುಂಡು ಬುಗುರಿಯಂತೆ ಗಿರಗಿರ ತಿರುಗುತ್ತ ಹೋಗುತ್ತದೆ. ತಿರುಗುವುದರಿಂದಲೇ ಅದು ಮಗುಚಿಕೊಳ್ಳದೆ ಮೂತಿ ಮುಂದಾಗಿ ಬಹುದೂರ ಸಾಗುತ್ತದೆ. ಗೆರೆಯಿಲ್ಲದ ನಳಿಗೆಯ ಗುಂಡು ನೂರು ಗಜ ದಾಟುವಷ್ಟರಲ್ಲಿ ದಿಕ್ಕು ತಪ್ಪುತ್ತದೆ. ದಂಗೆ ಅಡಗಿದ ಮೇಲೆ ಬ್ರಿಟಿಷರು ದೇಶೀ ಸಿಪಾಯಿಗಳಿಗಾಗಿ 1858ರ ಮಾದರಿ ಎಂಬ ಬಂದೂಕು ಮಾಡಿಸಿದರು. ಹೊರಗಿನಿಂದ ಅದು ಎನ್‌ಫೀಲ್ಡ್ ಥರವೇ. ಒಳಗೆ ಮಾತ್ರ ಗೆರೆಗಳನ್ನು ಅಳಿಸಿ ನಳಿಗೆಯನ್ನು ನುಣ್ಣಗೆ ಮಾಡಲಾಗಿತ್ತು. ಮುಂದೆಯೂ ಇದೇ ನಡೆ: ಗೋರಾ ಪಲ್ಟನ್ನಿನ ಕೈಗೆ ಮಾರ್ಟಿನಿ-ಹೆನ್ರಿ ಬಂದಾಗ ದೇಶೀ ಪಲ್ಟನ್ನಿಗೆ ಹಳೆಯ ಸ್ನೈಡರ್, ಅವರಿಗೆ ಲೀ-ಮೆಟ್‌ಫರ್ಡ್ ಬಂದಾಗ ಇವರಿಗೆ ಮಾರ್ಟಿನಿ. ಒಂದು ತಲೆಮಾರು ಹಿಂದಿನ ಆಯುಧವೇ ದೇಶೀಯರ ಪಾಲು.

1878ರಲ್ಲಿ ವೈಸರಾಯ್ ಲಾರ್ಡ್ ಲಿಟನ್ ಕಾಲದ ಆಯುಧ ಕಾಯ್ದೆ ಇದನ್ನು ಊರೂರಿಗೂ ಹರಡಿತು. ಭಾರತೀಯನಿಗೆ ಪರವಾನಗಿ ಕಡ್ಡಾಯ. ಯುರೋಪಿಯನ್ನರಿಗೆ, ಆಂಗ್ಲೋ-ಇಂಡಿಯನ್ನರಿಗೆ ವಿನಾಯಿತಿ. 1887ರ ಮದ್ರಾಸ್ ಅಧಿವೇಶನದಲ್ಲಿಯೇ ಕಾಂಗ್ರೆಸ್ ಈ ಕಾಯ್ದೆಯ ಬಗ್ಗೆ ನಿರ್ಣಯ ಮಾಡಿತು. ಆ ಹೊತ್ತಿಗೆ ಈ ಬಯಲಿನಲ್ಲಿ ರೈಲು ಹಳಿ ಬಿದ್ದಾಗಿತ್ತು. ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದಲ್ಲಿ ಹುಬ್ಬಳ್ಳಿ–ಹರಿಹರ ದಾರಿ ಹಾಕಿ, ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಒಂದೇ ದಾರಕ್ಕೆ ಪೋಣಿಸಿತು. ಕಂಪನಿಯ ಮುಖ್ಯ ಕಚೇರಿ ಧಾರವಾಡದಲ್ಲಿತ್ತು. ಇಂದು ಕರ್ನಾಟಕ ಕಾಲೇಜು ಇರುವ ಕೆಂಪು ಕಟ್ಟಡವೇ ಅದು.

ಆ ಕಂಪನಿಗೆ ತನ್ನದೇ ಒಂದು ರೈಫಲ್ ದಳವಿತ್ತು. ಸದರ್ನ್ ಮರಾಠಾ ರೈಲ್ವೆ ವಾಲಂಟಿಯರ್ ರೈಫಲ್ಸ್ ಎಂಬ ಈ ದಳದಲ್ಲಿ ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಡ್ರೈವರುಗಳು, ಗಾರ್ಡುಗಳು, ವರ್ಕ್‌ಶಾಪಿನ ಫೋರ್‌ಮನ್ನರು ಇರುತ್ತಿದ್ದರು. ವಾಲಂಟಿಯರ್ ಎನಿಸಿಕೊಂಡವನು ವರ್ಷಕ್ಕೊಮ್ಮೆ ಗುರಿ ಹೊಡೆಯುವ ಪರೀಕ್ಷೆ ಪಾಸಾಗಬೇಕಿತ್ತು. ಇದರ ಬೇರು ಇಂಗ್ಲೆಂಡಿನಲ್ಲಿತ್ತು. ಅಲ್ಲಿ ವಾಲಂಟಿಯರ್ ದಳಗಳ ಹುರುಪಿನಿಂದಲೇ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಹುಟ್ಟಿತು. 1860ರಲ್ಲಿ ವಿಂಬಲ್ಡನ್ ಬಯಲಿನಲ್ಲಿ ಅದರ ಮೊದಲ ಪಂದ್ಯಕ್ಕೆ ವಿಕ್ಟೋರಿಯಾ ರಾಣಿಯೇ ವಿಟ್‌ವರ್ತ್ ರೈಫಲ್ಲಿನಿಂದ ಮೊದಲ ಗುಂಡು ಹಾರಿಸಿದಳು. 1890ರಿಂದ ಆ ಪಂದ್ಯಗಳು ಬಿಸ್ಲಿಗೆ ಹೋದವು. ಇಂದಿಗೂ ಅಲ್ಲಿ 1,000 ಗಜದ ಗುರಿಗೆ ಸ್ಪರ್ಧೆ ನಡೆಯುತ್ತದೆ. ದೂರದ ಗುರಿ ಹೊಡೆಯುವುದು ಒಂದು ಆಟವಾದದ್ದು ಹೀಗೆ. ಅದು ಈ ಸೀಮೆಗೆ ಬಂದದ್ದು ರೈಲ್ವೆಯ ಬೆನ್ನು ಹಿಡಿದು. ಆದರೆ ಅದೇ ರೈಲ್ವೆಯ ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್, ಟಪಾಲು ಹೊರುವ ಕನ್ನಡಿಗರಿಗೆ ಆ ಆಟದ ಬಾಗಿಲು ಮುಚ್ಚಿತ್ತು.

ಆ ಕಾಲಕ್ಕೆ ರೈಫಲ್ಲಿನ ಒಡಲೇ ಬದಲಾಗಿತ್ತು. 19ನೆಯ ಶತಮಾನದ ಮಧ್ಯದಲ್ಲಿ ಪ್ರಷ್ಯದ ಡ್ರೈಸೆ ಬಂದೂಕು, ಬಾಗಿಲ ಚಿಲಕದ ಹಾಗೆ ಎಳೆದು ತಳ್ಳುವ ಬೋಲ್ಟನ್ನು ಸೈನ್ಯಕ್ಕೆ ತಂದಿತ್ತು. 1888ರ ಲೀ-ಮೆಟ್‌ಫರ್ಡ್ ಬ್ರಿಟಿಷ್ ಸೈನ್ಯಕ್ಕೆ ಬೋಲ್ಟನ್ನೂ .303 ತೋಟಾವನ್ನೂ ಒಟ್ಟಿಗೆ ಕೊಟ್ಟಿತು. ಮುಂದೆ ಅದೇ ಲೀ-ಎನ್‌ಫೀಲ್ಡ್ ಆಯಿತು. ಕನ್ನಡಿಗರ ಬಾಯಲ್ಲಿ ತ್ರೀ ನಾಟ್ ತ್ರೀ.

ಅದನ್ನು ಹತ್ತಿರದಿಂದ ನೋಡಿದರೆ ಬೋಲ್ಟಿನ ಲೆಕ್ಕಾಚಾರ ತಿಳಿಯುತ್ತದೆ. ಬಲಗೈಯ ಗುಬ್ಬಿಯನ್ನು ಮೇಲಕ್ಕೆತ್ತಿ ಹಿಂದಕ್ಕೆಳೆದರೆ ಸುಟ್ಟ ತೋಟಾದ ಹಿತ್ತಾಳೆ ಕೋಶ ಟಣ್ಣನೆ ಬಲಕ್ಕೆ ಹಾರಿ ಬೀಳುತ್ತದೆ. ಮುಂದಕ್ಕೆ ತಳ್ಳಿದಾಗ ಕೆಳಗಿನ ಪೆಟ್ಟಿಗೆಯಿಂದ ಹೊಸ ತೋಟಾ ಎದ್ದು ನಳಿಗೆಯ ಬಾಯಿಗೆ ಸೇರುತ್ತದೆ. ಪೆಟ್ಟಿಗೆಯಲ್ಲಿ ಹತ್ತು ತೋಟಾ. ಬೋಲ್ಟನ್ನು ಬಂಧಿಸುವ ಕಿವಿಗಳು ಹಿಂಬದಿಯಲ್ಲಿವೆ; ಅದಕ್ಕೇ ಎಳೆತ ಗಿಡ್ಡ, ಕೈ ಚುರುಕು. ಒಂದು ನಿಮಿಷದಲ್ಲಿ 300 ಗಜದ ಗುರಿಗೆ 15 ಗುಂಡು ನೋಡಿ ಹೊಡೆಯುವುದು ಬ್ರಿಟಿಷ್ ಸೈನಿಕನಿಗೆ ಕಲಿಸುತ್ತಿದ್ದ ಪಾಠ. ಜರ್ಮನಿಯ 1898ರ ಮೌಸರಿನಲ್ಲಿ ಆ ಕಿವಿಗಳು ಬೋಲ್ಟಿನ ಮೂತಿಯಲ್ಲೇ, ತೋಟಾದ ಬೆನ್ನಿಗೆ ತಗುಲಿಕೊಂಡಂತೆ ಇವೆ. ಗುಂಡು ಹಾರಿದಾಗ ಬೋಲ್ಟು ಬಾಗದೆ ಗಟ್ಟಿಯಾಗಿ ನಿಲ್ಲುವುದರಿಂದ, ಒಂದೇ ತೂತಿಗೆ ಹತ್ತು ಗುಂಡು ಬೀಳಿಸಬೇಕೆನ್ನುವ ಗುರಿಕಾರರು ಮುಂದೆ ಹೆಚ್ಚಾಗಿ ಮೌಸರ್ ದಾರಿಯನ್ನೇ ಹಿಡಿದರು. ಇಂದಿನ ಬಹುಪಾಲು ದೊಡ್ಡ ಬೋರಿನ ಗುರಿ ರೈಫಲ್ಲುಗಳ ಬೋಲ್ಟಿನಲ್ಲಿ ಆ ವಂಶದ ಗುರುತಿದೆ.

20ನೆಯ ಶತಮಾನದ ಆರಂಭದಲ್ಲಿ ಬಂಗಾಳದ ಇಚ್ಛಾಪುರದಲ್ಲಿ ಸರ್ಕಾರಿ ರೈಫಲ್ ಕಾರ್ಖಾನೆ ಶುರುವಾಗಿ ಲೀ-ಎನ್‌ಫೀಲ್ಡ್ ಇಲ್ಲಿಯೇ ತಯಾರಾಗತೊಡಗಿತು. ಆದರೆ ಪೊಲೀಸರ ವಿಷಯ ಬಂದಾಗ 1858ರ ಹಳೆಯ ಯೋಚನೆ ಮತ್ತೆ ತಲೆ ಎತ್ತಿತು. ಅದೇ ಲೀ-ಎನ್‌ಫೀಲ್ಡಿನ ನಳಿಗೆಯ ಗೆರೆ ತೆಗೆದು ನುಣ್ಣಗೆ ಮಾಡಿ .410 ಬೋರಿನ ಮಸ್ಕೆಟ್ ಮಾಡಿದರು. ತೋಟಾದ ಪೆಟ್ಟಿಗೆಗೆ ಮರದ ತುಂಡು ತುರುಕಿ, ಒಂದು ಸಲಕ್ಕೆ ಒಂದೇ ತೋಟಾ ಹಾಕಲು ಬರುವಂತೆ ಕಟ್ಟಿದರು. ಹೊರಗಿನಿಂದ ನೋಡಿದವನಿಗೆ ಅದು ಪಕ್ಕಾ ಸೈನ್ಯದ ರೈಫಲ್, ಹೊಡೆದರೆ ಹತ್ತಿರಕ್ಕಷ್ಟೇ. ಬಂದೋಬಸ್ತಿಗೆ ನಿಂತ ಪೇದೆಯ ಕೈಯಿಂದ ಅದು ಜನರ ಕೈಗೆ ಹೋದರೂ ಸರ್ಕಾರಕ್ಕೆ ಭಯವಿರಲಿಲ್ಲ. ಎಷ್ಟೋ ಠಾಣೆಗಳಲ್ಲಿ 'ಮಸ್ಕೆಟ್' ಎಂಬ ಹೆಸರು ಉಳಿದದ್ದು ಈ ಬಂದೂಕಿನಿಂದ.

ಈ ಕಡೆ ಹೊಲದಲ್ಲಿ ಬೇರೆಯೇ ಲೋಕವಿತ್ತು. ರಾಣೆಬೆನ್ನೂರಿನ ಕುರುಚಲು ಬಯಲು ಚಿಗರಿಗಳ ಬೀಡು. ಚಿಗರಿ ಎಂದರೆ ಕೃಷ್ಣಮೃಗ. ಹಿಂಡು ಹಿಂಡಾಗಿ ಬಂದು, ಆಗಷ್ಟೇ ಮೊಳೆತ ಪೈರನ್ನು ಬೆಳಗಾಗುವುದರೊಳಗೆ ಬೋಳು ಮಾಡಿ ಹೋಗುತ್ತವೆ. ಹಾನಗಲ್ಲ, ಹಿರೇಕೆರೂರು ಕಡೆಯ ಮಲೆನಾಡ ಸೆರಗಿನಲ್ಲಿ ಕಾಡಹಂದಿಯ ಕಾಟ. ರೈತನಿಗೆ ಬೇಕಾದದ್ದು ದೂರ ಹೊಡೆಯುವ ರೈಫಲ್ ಅಲ್ಲ, ರಾತ್ರಿ ಅಟ್ಟದ ಮೇಲಿನಿಂದ ದೊಡ್ಡ ಸದ್ದು ಮಾಡುವ ಬಂದೂಕು. ನಳಿಗೆಯ ಬಾಯಿಯಿಂದ ಕರಿಮದ್ದು ಸುರಿದು, ಚಿಂದಿ ತುರುಕಿ, ಚರೆ ಹಾಕಿ, ಗಜದಿಂದ ಜಡಿದು, ಕೇಪು ಇಟ್ಟರೆ ಈಡು ಸಿದ್ಧ. ಬೆಳೆ ಕಾವಲಿಗೆಂದು ಸರ್ಕಾರ ಕೊಡುತ್ತಿದ್ದ ಪರವಾನಗಿ ಇಂಥ ಬಂದೂಕಿಗೇ. ಅದಕ್ಕಾಗಿಯೇ ಈ ಭಾಗದಲ್ಲಿ ಬಂದೂಕಿನ ನಂಟು ಹೊಲದ ಕಾವಲಿನ ಜೊತೆ ಬೆಳೆಯಿತೇ ಹೊರತು ಗುರಿಯ ಆಟದ ಜೊತೆ ಅಲ್ಲ.

ಕೊಡಗಿನ ಕತೆ ಬೇರೆ. ಅಲ್ಲಿಯ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದಲೇ ಆಯುಧ ಕಾಯ್ದೆಯಿಂದ ವಿನಾಯಿತಿ ಇದೆ. ಕೈಲ್ ಮುಹೂರ್ತ ಹಬ್ಬದ ದಿನ ಕೋವಿಗೆ ಪೂಜೆ, ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಮನೆಯಲ್ಲಿ ಕೋವಿ, ಊರಲ್ಲಿ ಪಂದ್ಯ ಇದ್ದಲ್ಲಿ ಗುರಿಕಾರರು ತಾವಾಗಿ ಹುಟ್ಟುತ್ತಾರೆ. ಹಲಗಲಿಯ ನೆನಪಿದ್ದ ಧಾರವಾಡ ಸೀಮೆಗೆ ಅಂಥ ವಿನಾಯಿತಿ ಸಿಗಲಿಲ್ಲ.

ಬದಲಿಗೆ ಇಲ್ಲಿಯ ಜನ ಸರ್ಕಾರದ ಬಂದೂಕನ್ನು ಎದುರಿನಿಂದ ಕಂಡರು. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ ಹುಟ್ಟಿದ್ದು 1911ರಲ್ಲಿ. 1930ರಲ್ಲಿ ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಹೊರಟಾಗ ಜೊತೆ ನಡೆದವರಲ್ಲಿ ಹದಿನೆಂಟರ ಈ ತರುಣನೂ ಒಬ್ಬ. ಕ್ವಿಟ್ ಇಂಡಿಯಾ ಚಳವಳಿ ಕಾವೇರಿದಾಗ ಅವರು ಭೂಗತರಾಗಿ ಸರ್ಕಾರದ ಕಂದಾಯ, ಕಚೇರಿಗಳ ಮೇಲೆ ದಾಳಿ ನಡೆಸುವ ತಂಡ ಕಟ್ಟಿದರು. 1943ರ ಏಪ್ರಿಲ್ 1ರಂದು ಹಾವೇರಿ ಬಳಿಯ ಹೊಸರಿತ್ತಿಯ ವೀರಭದ್ರ ದೇವಸ್ಥಾನಕ್ಕೆ ನುಗ್ಗಿದರು. ಊರೂರಿನಿಂದ ವಸೂಲಾದ ಕಂದಾಯವನ್ನು ಅಲ್ಲಿ ಪೊಲೀಸ್ ಕಾವಲಿನಲ್ಲಿ ಇಟ್ಟಿದ್ದರು. ಕಾವಲಿನವರ ಗುಂಡಿಗೆ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಮೂವರೂ ಬಲಿಯಾದರು. ಮಹಾದೇವಪ್ಪನವರ ವಯಸ್ಸು ಆಗ 31. ಅವರ ಹೆಸರಿನ ವೀರಸೌಧ ಹಾವೇರಿಯಲ್ಲಿದೆ.

ಆಯುಧದ ಹಕ್ಕು ಆಗಿನ ರಾಷ್ಟ್ರೀಯ ಚಳವಳಿಯ ಬೇಡಿಕೆಗಳಲ್ಲೇ ಒಂದಾಗಿತ್ತು. 1931ರ ಕರಾಚಿ ಅಧಿವೇಶನದ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಪ್ರತಿ ಪ್ರಜೆಯೂ ಆಯುಧ ಹೊಂದುವ ಹಕ್ಕು ಸೇರಿತ್ತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಬೇಕೆಂದು ತಿದ್ದುಪಡಿ ತಂದವರು ಮಂಗಳೂರು ಮೂಲದ ಎಚ್. ವಿ. ಕಾಮತ್. ಡಾ. ಅಂಬೇಡ್ಕರ್ ಅದನ್ನು ವಿರೋಧಿಸಿದರು. ವಿದೇಶೀ ಸರ್ಕಾರದ ಕಾಲದಲ್ಲಿ ಕೇಳಿದ ಹಕ್ಕಿಗೂ ಸ್ವಂತ ಸರ್ಕಾರ ಬಂದಮೇಲಿನ ಸ್ಥಿತಿಗೂ ವ್ಯತ್ಯಾಸವಿದೆ, ಅಪರಾಧಿಗಳ ಕೈಗೂ ಆ ಹಕ್ಕು ಹೋಗುತ್ತದೆ ಎಂಬುದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯಿತು. ದೇಶ ವಿಭಜನೆಯ ನೆತ್ತರು ಇನ್ನೂ ಆರದ ಆ ದಿನಗಳಲ್ಲಿ ಅಂಬೇಡ್ಕರರ ಎಚ್ಚರಿಕೆಗೆ ಕಾರಣವಿತ್ತು.

1959ರ ಆಯುಧ ಕಾಯ್ದೆ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಹಾವೇರಿಯ ತರುಣನ ಮೊದಲ ರೈಫಲ್ ಯಾವುದು ಎಂಬ ಪ್ರಶ್ನೆಗೆ ಉತ್ತರ ಇರುವುದು ಈ ಕಾಯ್ದೆಯ 13ನೆಯ ಕಲಮಿನಲ್ಲಿ. ಸಾಮಾನ್ಯವಾಗಿ ಪರವಾನಗಿ ಕೊಡಲೇಬೇಕಾದ ಸಂದರ್ಭಗಳನ್ನು ಅದು ಎಣಿಸಿ ಹೇಳುತ್ತದೆ. ರಕ್ಷಣೆಗೆ ಅಥವಾ ಕ್ರೀಡೆಗೆ 20 ಇಂಚಿಗಿಂತ ಗಿಡ್ಡವಲ್ಲದ, ಗೆರೆಯಿಲ್ಲದ ನಳಿಗೆಯ ಬಂದೂಕು. ಬೆಳೆ ಕಾವಲಿಗೆ ಬಾಯಿಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಗೆರೆಯಿಲ್ಲದ ಬೇರೊಂದು. ಮೂರನೆಯದು, ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನಿಗೆ ಗುರಿ ಅಭ್ಯಾಸಕ್ಕಾಗಿ .22 ಬೋರಿನ ರೈಫಲ್ ಅಥವಾ ಏರ್ ರೈಫಲ್. ಉಳಿದೆಲ್ಲಕ್ಕೂ ತಕ್ಕ ಕಾರಣ ತೋರಿಸಿ ಅಧಿಕಾರಿಯನ್ನು ಒಪ್ಪಿಸಬೇಕು. ರೈತನಿಗೆ ಒಂದು, ಆಟಗಾರನಿಗೆ ಒಂದು ಎಂದು ಕಾನೂನೇ ಗೆರೆ ಎಳೆದಿದೆ.

ಕಾಯ್ದೆಯ ಜೊತೆ ಬಂದ ನಿಯಮಗಳ ಪಟ್ಟಿಯಲ್ಲಿ ಇನ್ನೊಂದು ಸಾಲಿದೆ. .303 ಅಥವಾ 7.62 ಮಿ.ಮೀ. ಸೈನ್ಯದ ತೋಟಾ ಹಾರಿಸಬಲ್ಲ ಬೋಲ್ಟ್ ಆಕ್ಷನ್ ರೈಫಲ್ಲುಗಳು ನಿಷಿದ್ಧ ಬೋರಿನವು. ಪೊಲೀಸರಿಗಾಗಿ ಹಲ್ಲು ಕಿತ್ತು ಮಾಡಿದ ಆ .410 ಮಸ್ಕೆಟ್ ಕೂಡ ಅದೇ ಸಾಲಿನಲ್ಲಿದೆ. ಬಂದೂಕಿನ ಬಲಕ್ಕಿಂತ ಇಲ್ಲಿ ಲೆಕ್ಕಕ್ಕೆ ಬಂದದ್ದು ತೋಟಾ: ಸರ್ಕಾರಿ ಉಗ್ರಾಣದಿಂದ ಕದ್ದ ತೋಟಾ ಯಾವ ಖಾಸಗಿ ಬಂದೂಕಿಗೂ ಹೊಂದಬಾರದು. ಬ್ರಿಟಿಷರೂ 1907ರ ಸುಮಾರಿಗೆ .450 ಬೋರಿನ ಬೇಟೆ ರೈಫಲ್ಲುಗಳನ್ನು ಇದೇ ಭಯದಿಂದ ಇಂಡಿಯಾದಲ್ಲಿ ತಡೆದಿದ್ದರು. ಹಳೆಯ ಮಾರ್ಟಿನಿಗಳಿಗೆ ಮದ್ದುಗುಂಡು ಒದಗಬಾರದೆಂಬುದು ಅವರ ಎಣಿಕೆ. ಆ ನಿಷೇಧದ ಸಂದಿಯಲ್ಲೇ ಇಂಗ್ಲೆಂಡಿನ ಬಂದೂಕು ಕಾರ್ಖಾನೆಗಳು .470ರಂಥ ಹೊಸ ಬೋರುಗಳನ್ನು ಹುಟ್ಟಿಸಿದವು.

.303ರ ಸಂದಿಯಲ್ಲಿ ಹುಟ್ಟಿದ್ದು ಭಾರತದ .315. ಆಸ್ಟ್ರಿಯಾ-ಹಂಗೇರಿ ಸೈನ್ಯದ ಹಳೆಯ 8 ಮಿ.ಮೀ. ಮಾನ್ಲಿಚರ್ ತೋಟಾ ಇಲ್ಲಿ .315 ಎಂಬ ಹೆಸರು ಪಡೆಯಿತು. ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪನಿ ಅದಕ್ಕೆ ಹೊಂದುವ ಲೀ ಬೋಲ್ಟಿನ ರೈಫಲ್ಲುಗಳನ್ನು ಭಾರತದ ಮಾರುಕಟ್ಟೆಗೆ ಕಳಿಸಿತು. ಸ್ವಾತಂತ್ರ್ಯಾನಂತರ ಇಚ್ಛಾಪುರದ ಕಾರ್ಖಾನೆಯೇ .315 ಸ್ಪೋರ್ಟಿಂಗ್ ರೈಫಲ್ ಮಾಡತೊಡಗಿತು, ಮುಂದೆ .30-06 ಕೂಡ ಮಾಡಿತು. ಅಂಗಡಿಯಲ್ಲಿ ನಾಗರಿಕನ ಕಣ್ಣಿಗೆ ಮೊದಲು ಬೀಳುವ ಬೋಲ್ಟ್ ಆಕ್ಷನ್ ಇವತ್ತಿಗೂ ಈ .315. ಆದರೆ ಹತ್ತೊಂಬತ್ತನೆಯ ಶತಮಾನದ ಭಾರವಾದ ದುಂಡುಮೂತಿಯ ಗುಂಡು, ಆತ್ಮರಕ್ಷಣೆಗೆಂದು ಮಾಡಿದ ಹಗುರ ನಳಿಗೆ, ಸಾದಾ ನೋಟಕಗಳಿರುವ ಆ ರೈಫಲ್ 300 ಮೀಟರಿನ ಕಾಗದದ ಗುರಿಗೆ ಹುಟ್ಟಿದ್ದಲ್ಲ. ಮೊದಲ ರೈಫಲ್ ಎಂದು ಅದನ್ನು ಕೊಂಡ ಗುರಿಕಾರ ಹೆಗಲ ಪೆಟ್ಟಿಗೆ ಕಣ್ಣು ಮುಚ್ಚುವ ಚಟ ಕಲಿಯುತ್ತಾನೆ, ಗುರಿ ಕಲಿಯುವುದಿಲ್ಲ.

ಆಟಕ್ಕೆ ಸ್ವತಂತ್ರ ಭಾರತದಲ್ಲಿ ನೆಲೆ ಸಿಕ್ಕಿದ್ದು 1951ರಲ್ಲಿ. ಲೋಕಸಭೆಯ ಮೊದಲ ಸ್ಪೀಕರ್ ಜಿ. ವಿ. ಮಾವಳಂಕರ್ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಆಫ್ ಇಂಡಿಯಾ ಕಟ್ಟಲು ಮುಂದಾದರು. ಅವರ ಹೆಸರಿನ ಅಖಿಲ ಭಾರತ ಪಂದ್ಯ ರಾಷ್ಟ್ರೀಯ ಚಾಂಪಿಯನ್‌ಶಿಪ್ಪಿಗೆ ಮೆಟ್ಟಿಲಾಗಿದೆ. ಅದಕ್ಕೂ ಮೊದಲು 1948ರಲ್ಲಿ ಎನ್‌ಸಿಸಿ ಹುಟ್ಟಿತ್ತು. ಚಿಕ್ಕ ಊರಿನ ಕಾಲೇಜು ಹುಡುಗರ, ಹುಡುಗಿಯರ ಕೈಗೆ ಮೊದಲ ಬಾರಿಗೆ ಬೋಲ್ಟ್ ಆಕ್ಷನ್ ಕೊಟ್ಟದ್ದು ಅದೇ. ಖಾಕಿ ತೊಟ್ಟು, ದರಿಯ ಮೇಲೆ ಬೋರಲು ಮಲಗಿ, .22 ರೈಫಲ್ಲಿನಿಂದ 25 ಮೀಟರಿನ ಗುರಿಗೆ ಐದು ಗುಂಡು ಹೊಡೆದು, ಆಮೇಲೆ ಉಸ್ತಾದರು ಕಾಗದದ ಮೇಲಿನ ತೂತುಗಳಿಗೆ ಸ್ಕೇಲು ಹಿಡಿದು 'ಗ್ರೂಪಿಂಗ್' ಅಳೆಯುವುದನ್ನು ಉಸಿರು ಬಿಗಿಹಿಡಿದು ನೋಡಿದವರು ಈ ಸೀಮೆಯಲ್ಲೂ ಇದ್ದಾರೆ. 1878ರ ಕಾಯ್ದೆ ಮುಚ್ಚಿದ ಬಾಗಿಲು ಎಪ್ಪತ್ತು ವರ್ಷದ ನಂತರ ಇಷ್ಟಗಲ ತೆರೆಯಿತು.

ಹೊಲದ ಬಂದೂಕಿನ ಕಾಲವೂ ಬದಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಚಿಗರಿಯನ್ನು ಮೊದಲ ಪಟ್ಟಿಗೆ ಸೇರಿಸಿತು. 1974ರಲ್ಲಿ ರಾಣೆಬೆನ್ನೂರಿನ 119 ಚದರ ಕಿ.ಮೀ. ಪ್ರದೇಶ ಕೃಷ್ಣಮೃಗ ಅಭಯಾರಣ್ಯವಾಯಿತು. ಪರವಾನಗಿ ಇದ್ದವನೂ ಚಿಗರಿಯ ಮೇಲೆ ಗುಂಡು ಹಾರಿಸುವಂತಿಲ್ಲ. ಸದ್ದಿನಿಂದ ಬೆದರಿಸಬಹುದು ಅಷ್ಟೆ. ಪ್ರತಿ ಚುನಾವಣೆಗೂ ಆ ಬಂದೂಕನ್ನು ಠಾಣೆಗೆ ಒಪ್ಪಿಸಿ ರಸೀದಿ ಪಡೆಯಬೇಕು. ಬೆಳೆ ಎದ್ದು ನಿಂತ ಕಾಲಕ್ಕೇ ಚುನಾವಣೆ ಬಂದರೆ ರೈತ ತಮಟೆ, ಪಟಾಕಿಗಳನ್ನೇ ನೆಚ್ಚಬೇಕು.

ಬಂದೂಕಿನ ಬಗ್ಗೆ ಈ ನೆಲಕ್ಕಿರುವ ನೋವೂ ಹಳೆಯದಾಗಿಲ್ಲ. 2008ರ ಜೂನ್ 10ರಂದು ರಸಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಹಾವೇರಿಯಲ್ಲಿ ಪೊಲೀಸ್ ಗೋಲಿಬಾರ್ ಆಯಿತು. ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಹೊಸರಿತ್ತಿಯನ್ನೂ ಈ ದಿನವನ್ನೂ ಬಲ್ಲ ಊರಿನಲ್ಲಿ ಮಗ ರೈಫಲ್ ಬೇಕೆಂದರೆ ತಾಯಿಯ ಎದೆ ಝಲ್ಲೆನ್ನುವುದು ಸಹಜ. ಗುರಿಯ ಆಟಕ್ಕೆ ಇಲ್ಲಿ ಜಾಗ ಸಿಗಬೇಕಾದರೆ ಆ ಅಂಜಿಕೆಗೆ ಗೌರವ ಕೊಟ್ಟೇ ಸಿಗಬೇಕು. ಕಾಗದದ ಗುರಿಗೆ ಸಾಕಾಗುವಷ್ಟೇ ಬಲದ ತೋಟಾ, ಮಣ್ಣಿನ ದಿಬ್ಬ ಹಿಂದಿರುವ ಕಟ್ಟುನಿಟ್ಟಿನ ರೇಂಜು, ಹಿರಿಯರ ಕಣ್ಗಾವಲು ಈ ಆಟಕ್ಕೆ ಅಲಂಕಾರವಲ್ಲ, ಬುನಾದಿ.

ಆದ್ದರಿಂದ ಕಾನೂನು ತೋರುವ ದಾರಿ ಮತ್ತು ಕಲಿಕೆ ತೋರುವ ದಾರಿ ಇಲ್ಲಿ ಒಂದೇ ಆಗಿವೆ. ಮೊದಲ ಮೆಟ್ಟಿಲು 4.5 ಮಿ.ಮೀ. ಏರ್ ರೈಫಲ್, 10 ಮೀಟರ್ ದೂರ, ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. 20 ಜೂಲ್ ಶಕ್ತಿ ಮೀರದ ಇಂಥದ್ದಕ್ಕೆ ಪರವಾನಗಿಯೂ ಬೇಡ. ಎರಡನೆಯದು .22, ಅದೇ ನಿಜವಾದ ಮೊದಲ ಬೋಲ್ಟ್ ಆಕ್ಷನ್. 50 ಮೀಟರ್ ಪಂದ್ಯದ ಗುರಿಯಲ್ಲಿ ಹತ್ತರ ವೃತ್ತದ ಅಗಲ 10.4 ಮಿ.ಮೀ., ನಮ್ಮ ಕಿರುಬೆರಳಿನಷ್ಟು. .22ರ ಎರಡೂವರೆ ಗ್ರಾಂ ಚಿಲ್ಲರೆಯ ಸೀಸದ ಗುಂಡಿಗೆ ಗಂಟೆಗೆ 16 ಕಿ.ಮೀ. ವೇಗದ ಅಡ್ಡಗಾಳಿ ಬಡಿದರೆ ಅಷ್ಟು ದೂರದಲ್ಲೇ ಅದು ಸುಮಾರು ಎರಡೂವರೆ ಸೆಂಟಿಮೀಟರ್ ಸರಿಯುತ್ತದೆ. ಅಂದರೆ ಹತ್ತರಿಂದ ಪೂರ್ತಿ ಹೊರಗೆ. 100 ಮೀಟರಿಗೆ ಹೋದರೆ ಆ ಸರಿತ ನಾಲ್ಕು ಪಟ್ಟಾಗುತ್ತದೆ. ದೊಡ್ಡ ರೈಫಲ್ ಸಾವಿರ ಗಜದಲ್ಲಿ ಕಲಿಸುವ ಗಾಳಿಯ ಪಾಠವನ್ನು .22 ಹಗುರ ಖರ್ಚಿನಲ್ಲಿ, ಹೆಗಲಿಗೆ ಪೆಟ್ಟಿಲ್ಲದೆ ನೂರು ಮೀಟರಿನಲ್ಲೇ ಕಲಿಸುತ್ತದೆ. ಮುಂಗಾರಿನ ಪಡುವಣ ಗಾಳಿ, ಬೇಸಗೆಯಲ್ಲಿ ನೆಲದಿಂದೇಳುವ ಬಿಸಿಲ್ಗುದುರೆ ಇವೆರಡೂ ರಾಣೆಬೆನ್ನೂರಿನ ಬಯಲಿಗೆ ಹೊಸವಲ್ಲ. ಬಿಸಿಲ್ಗುದುರೆಯ ಅಲೆ ಯಾವ ಕಡೆಗೆ ವಾಲುತ್ತದೆಂದು ದುರ್ಬೀನಿನಲ್ಲಿ ನೋಡಿ ಗಾಳಿಯ ಬಲ ಅಳೆಯುವುದು ದೂರದ ಗುರಿಕಾರರ ನಿತ್ಯದ ಕೆಲಸ.

ಆರಿಸುವಾಗ ನೋಡಬೇಕಾದ್ದು ಹೆಚ್ಚೇನಿಲ್ಲ. ನಳಿಗೆ ದಪ್ಪವಾಗಿರಬೇಕು, ಮರದ ಅಥವಾ ಲೋಹದ ಕುಂದಕ್ಕೆ ತಾಗದೆ ಬಿಡುವಾಗಿ ನಿಲ್ಲಬೇಕು. ಟ್ರಿಗರ್ ಎಳೆಯುವಾಗ ಕರಕರ ಎನ್ನದೆ ಗಾಜು ಮುರಿದಂತೆ ಒಮ್ಮೆಲೇ ಬಿಡಬೇಕು. ಕೆನ್ನೆ ತಾಗುವ ಹಲಗೆ, ಹೆಗಲಿಗೆ ಒರಗುವ ತುದಿ ಎರಡೂ ಮೈಕಟ್ಟಿಗೆ ತಕ್ಕಂತೆ ಸರಿಸಲು ಬರಬೇಕು. ಹಿಂದಿನ ನೋಟಕದ ಕಿಂಡಿಯನ್ನು ಒಂದೊಂದೇ ಕ್ಲಿಕ್ಕಿನಷ್ಟು ತಿರುಗಿಸಬಹುದಾಗಿರಬೇಕು. ಮೂರು ನಾಲ್ಕು ಬಗೆಯ ತೋಟಾ ಹೊಡೆದು, ಯಾವುದರ ಗ್ರೂಪಿಂಗ್ ಚಿಕ್ಕದೋ ಅದನ್ನೇ ಇಟ್ಟುಕೊಳ್ಳಬೇಕು. ಒಂದೊಂದು ನಳಿಗೆಗೆ ಒಂದೊಂದು ತೋಟಾ ಒಗ್ಗುತ್ತದೆ. ಸ್ವಂತ ರೈಫಲ್ ಕೊಳ್ಳುವ ಮೊದಲು ಕ್ಲಬ್ಬಿನ ರೈಫಲ್ಲಿನಲ್ಲಿ ಒಂದು ಹಂಗಾಮು ಅಭ್ಯಾಸ ಮಾಡಿದವನು ತನಗೇನು ಬೇಕೆಂದು ತಾನೇ ಹೇಳಬಲ್ಲ. 300 ಮೀಟರಿನ ದೊಡ್ಡ ಬೋರು ಅದರ ಆಚೆಗಿನ ಮಾತು. ಆ ಪಂದ್ಯದ ಬೋರಿಗೆ 8 ಮಿ.ಮೀ. ಮಿತಿ ಇದೆ, ಅದಕ್ಕೆ ಬೇಕಾದ ರೇಂಜು ಇರುವುದು ಬಹುಪಾಲು ಸೈನ್ಯ, ಪೊಲೀಸರ ಬಳಿ.

ಈ ಮೆಟ್ಟಿಲುಗಳನ್ನು ಹತ್ತಿ ಮೇಲೆ ಹೋದವರು ಪಕ್ಕದಲ್ಲೇ ಇದ್ದಾರೆ. ಕೊಲ್ಲಾಪುರ ಜಿಲ್ಲೆಯ ರಾಧಾನಗರಿ ತಾಲ್ಲೂಕಿನ ಕಾಂಬಳವಾಡಿ ಎಂಬ ಹಳ್ಳಿಯ ಸ್ವಪ್ನಿಲ್ ಕುಸಾಳೆ 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನ 50 ಮೀಟರ್ ರೈಫಲ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ 451.4 ಅಂಕ ಗಳಿಸಿ ಕಂಚು ಗೆದ್ದರು. ಅವರ ಕೈಯಲ್ಲಿದ್ದದ್ದು .22. ಆಗ ಅವರು ಸೆಂಟ್ರಲ್ ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕ. ಒಂದು ಕಾಲಕ್ಕೆ ರೈಲ್ವೆ ಕಂಪನಿಯ ರೈಫಲ್ ದಳಕ್ಕೆ ಯುರೋಪಿಯನ್ನರು, ಆಂಗ್ಲೋ-ಇಂಡಿಯನ್ನರಷ್ಟೇ ಸೇರಬಹುದಿದ್ದ ದೇಶದಲ್ಲಿ, ಹಳ್ಳಿಯ ಹುಡುಗನೊಬ್ಬ ರೈಲ್ವೆ ನೌಕರನಾಗಿದ್ದುಕೊಂಡೇ ಒಲಿಂಪಿಕ್ ವೇದಿಕೆ ಏರಿದ.

ಹಾವೇರಿ 1997ರ ಆಗಸ್ಟಿನಲ್ಲಿ ಧಾರವಾಡದಿಂದ ಬೇರೆಯಾಗಿ ಸ್ವಂತ ಜಿಲ್ಲೆಯಾಯಿತು. ಅಂದರೆ ಅದಕ್ಕೆ ತನ್ನದೇ ಜಿಲ್ಲಾ ಪೊಲೀಸ್ ಇದೆ; ಕರ್ನಾಟಕದ ಜಿಲ್ಲಾ ಪೊಲೀಸರು ನಾಗರಿಕರಿಗಾಗಿ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುತ್ತಾರೆ. ಸಶಸ್ತ್ರ ಮೀಸಲು ಪಡೆಯ ಉಸ್ತಾದರು ಬಂದೂಕು ಬಿಚ್ಚುವುದರಿಂದ ಹಿಡಿದು ಗುಂಡು ಹೊಡೆಯುವವರೆಗೆ ಕಲಿಸಿ, ಕೊನೆಗೆ ಪ್ರಮಾಣಪತ್ರ ಕೊಡುತ್ತಾರೆ. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿ ಕೇಳುವವನಿಗೆ ಸುರಕ್ಷತೆಯ ತರಬೇತಿ ಬೇಕೇ ಬೇಕು. ಶಿಗ್ಗಾಂವಿ ಬಳಿಯ ಗಂಗೇಭಾವಿಯಲ್ಲಿ ರಾಜ್ಯ ಮೀಸಲು ಪೊಲೀಸ್ ಪಡೆಯ ತುಕಡಿಯೇ ಇದೆ. ಕಲಿಸುವವರಿದ್ದಾರೆ, ನೆಲವಿದೆ, ಕಾಲೇಜುಗಳಲ್ಲಿ ಹುರುಪಿನ ಮಕ್ಕಳಿದ್ದಾರೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಈ ಮೂರು ಊರುಗಳಿಗೆ ಬೇಕಾದದ್ದು ಅಲ್ಲಿಯ ಮಕ್ಕಳು ರೈಲೇರಿ ಬೆಂಗಳೂರಿಗೆ ಹೋಗದೆ ಅಭ್ಯಾಸ ಮಾಡಬಲ್ಲ 10 ಮೀಟರಿನ ಒಂದು ಒಳಾಂಗಣ, ಮಣ್ಣಿನ ದಿಬ್ಬವಿರುವ 50 ಮೀಟರಿನ ಒಂದು ರೇಂಜು, ಕ್ಲಬ್ಬಿನ ಹೆಸರಿನಲ್ಲಿ ನಾಲ್ಕಾರು ಒಳ್ಳೆಯ .22 ರೈಫಲ್ಲುಗಳು. ಜಿಲ್ಲಾ ಕ್ರೀಡಾ ಇಲಾಖೆ, ಪೊಲೀಸ್ ಇಲಾಖೆ, ರಾಜ್ಯ ರೈಫಲ್ ಸಂಸ್ಥೆ ಒಟ್ಟಿಗೆ ಕುಳಿತರೆ ಒಂದೆರಡು ವರ್ಷದಲ್ಲಿ ಆಗುವ ಕೆಲಸ ಇದು. ಮೋಟೆಬೆನ್ನೂರಿನ ಅಥವಾ ಹೊಸರಿತ್ತಿಯ ಹುಡುಗಿಯೊಬ್ಬಳು ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಹೋಗಿ ಇಪ್ಪತ್ತು ಗುಂಡು ಹೊಡೆದು ಸಂಜೆಗೆ ಮನೆ ಸೇರುವಷ್ಟು ಹತ್ತಿರದಲ್ಲಿ ಅದು ಇರಬೇಕು.